ಕರಿ ಮನೆಗೂ ಬಿಳಿ ಮನೆಗೂ ನಡುವೆ

ರಾಮನಗರ, ಹೊರಡುವ ಮುಂಚೆ

ನಾನು ಬೆಲ್ಜಿಯಂಗೆ ಹೋದದ್ದು ನನ್ನ ಅಪ್ಪ ಬೇಸೂರನೋ, ಅಂದರೆ ಶ್ರುತಿ ತಪ್ಪಿದವನೋ, ಅಲ್ಲವೋ ಎಂದು ತಿಳಿದುಕೊಂಡು ಬರಲಿಕ್ಕೆ. ದಾಂಡೇಲಿಯಲ್ಲಿ ಇದನ್ನು ಕೇಳಿದವರೆಲ್ಲ ನಕ್ಕರು. ನಮ್ಮ ಓಣಿಯ ಬಳೆ ಅಂಗಡಿಯಾಕೆ, "ಅಕ್ಕಾರ, ಅದಕ್ಕ ಅಷ್ಟು ದೂರ ಯಾಕ? ನಮ್ಮ ಮನಿಯವರ ಹಾಡು ಒಮ್ಮೆ ಕೇಳ್ರಿ, ಬೇಸೂರ ಅಂದ್ರ ಏನಂತ ಇಲ್ಲೇ ತಿಳೀತೈತಿ" ಎಂದಳು. ನಾನೂ ನಕ್ಕೆ. ಆದರೆ ಟಿಕೆಟ್ ರದ್ದು ಮಾಡಲಿಲ್ಲ.

ಅಪ್ಪ ತುಕಾರಾಮ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ. ಅವನ ಹತ್ತಿರ ಕರಿಮರದ ಒಂದು ಅಡ್ಡಕೊಳಲಿತ್ತು. ಬ್ರಿಟಿಷರ ಕಾಲದ ಬ್ಯಾಂಡಿನವರು ಬಿಟ್ಟುಹೋದದ್ದು. ರೈಲ್ವೆಯ ಹಳೆಯ ಹಾಲ್ ಖಾಲಿ ಮಾಡುವಾಗ ಮುರುಕು ಕುರ್ಚಿಗಳ ಜೊತೆ ಅಂಗಳಕ್ಕೆ ಬಿದ್ದದ್ದನ್ನು ಅಪ್ಪ ಕೇಳಿ ತಂದಿದ್ದ, ತಾನೇ ಊದಿ ಊದಿ ಕಲಿತಿದ್ದ. ಕ್ವಾರ್ಟರ್ಸಿನ ಭಜನೆಯಲ್ಲಿ ಅವನು ಊದಿದ ಶ್ರುತಿಗೇ ಎಲ್ಲರೂ ಹಾಡುತ್ತಿದ್ದರು. ಪಕ್ಕದ ಮನೆಯ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದತ್ತೋಬಾ ಕಾಕಾ ಅವನ ಜೀವದ ಗೆಳೆಯ. ಈ ಕಾಕಾ ಒಮ್ಮೆ ಬೆಳಗಾವಿಯಿಂದ ಪೇಟಿ ತಂದ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಅಲ್ಲಿಂದ ಕೆಟ್ಟಿತು.

ಅಪ್ಪನ ಷಡ್ಜ ಪೇಟಿಯ ಯಾವ ಮನೆಗೂ, ಅಂದರೆ ಬೆರಳಿನಿಂದ ಒತ್ತುವ ಯಾವ ಕೀಗೂ, ಕೂಡಲಿಲ್ಲ. ಬಿಳಿ ಮನೆ ಒತ್ತಿದರೆ ಕೊಳಲು ಅದಕ್ಕಿಂತ ಮೇಲೆ, ಪಕ್ಕದ ಕರಿ ಮನೆ ಒತ್ತಿದರೆ ಅದಕ್ಕಿಂತ ಕೆಳಗೆ. ಕಾಕಾ ತಮಾಷೆಗೆ, "ತುಕ್ಯಾ, ನಿನ್ನ ಕೊಳಲು ಬೇಸೂರ ಐತಲೇ" ಎಂದ. ಪೇಟಿ ರೇಡಿಯೋದ ಹಾಡುಗಳಿಗೆ ಚೆನ್ನಾಗಿ ಕೂಡುತ್ತಿತ್ತು, ಹಾಗಾಗಿ ತಪ್ಪು ಕೊಳಲಿನದೇ ಎಂದು ಎಲ್ಲರೂ ತೀರ್ಮಾನಿಸಿದರು. ಬೇಸೂರ ತುಕಾರಾಮ ಎಂಬ ಹೆಸರು ಅಂಟಿಕೊಂಡಿತು. ಅಪ್ಪ ಭಜನೆ ಬಿಟ್ಟ, ಗೆಳೆಯರಿಬ್ಬರೂ ಮಾತು ಬಿಟ್ಟರು. ಕೆಲವು ತಿಂಗಳು ಎರಡೂ ಮನೆಗಳಿಂದ ಒಂದು ಸ್ವರವೂ ಹೊರಡಲಿಲ್ಲ.

ಆಷಾಢ ಏಕಾದಶಿಗೆ ಅವ್ವ ಮತ್ತು ಓಣಿಯವರು ಕೂಡಿ ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದರು. ಕಾಕಾ ಪೇಟಿ ಹಿಡಿದ, ಅಪ್ಪ ಕೊಳಲು ಊದಿದ. ಮತ್ತೆ ಅದೇ ಜಗಳ, ಅದೇ ಕರ್ಕಶ. ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು. ಅಪ್ಪ ಎದ್ದುಬಂದು ಕೊಳಲನ್ನು ಕೌದಿಯಲ್ಲಿ ಸುತ್ತಿಟ್ಟ, ಸಾಯುವವರೆಗೂ ತೆಗೆಯಲಿಲ್ಲ. ಅವನ ಮಣ್ಣಿಗೆ ಕಾಕಾ ಬಂದ, ಬಾಗಿಲ ಹೊರಗೇ ನಿಂತ, ಹೋದ. ನನಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಜೋಯಿಡಾ ಕಡೆಯ ರಾಮನಗರದ ಮೇಲೆ ಗೋವಾಕ್ಕೆ ಹೋಗುವಾಗ ಬಸ್ಸಿನಲ್ಲಿ ಅವನ ಮನೆ ಕಾಣುವ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. ಅವನು ಅಲ್ಲಿ ಮಗಳ ಮನೆಯಲ್ಲಿದ್ದ.

ನಾನು ದಾಂಡೇಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತೇನೆ. ಮಂಗಟ್ಟೆ ಹಕ್ಕಿ ನೋಡಲು ಬೆಲ್ಜಿಯಂನಿಂದ ಬಂದಿದ್ದ ಹಿಲ್ಡೆ ಎಂಬ ಹೆಂಗಸು, ಹಕ್ಕಿಯನ್ನು ಬಿಟ್ಟು ನಾನು ಗೋಡೆಗೆ ತೂಗುಹಾಕಿದ್ದ ಅಪ್ಪನ ಕೊಳಲನ್ನು ನೋಡುತ್ತ ನಿಂತಳು. ಅವಳ ಗಂಡ ಬಾರ್ಟ್ ಹಳೆಯ ಮರದ ವಾದ್ಯಗಳನ್ನು ದುರಸ್ತಿ ಮಾಡುವವನಂತೆ. ಅವು ಹುಟ್ಟಿದಾಗ ಯಾವ ಶ್ರುತಿಯಲ್ಲಿದ್ದವು ಎಂದು ಕಂಡುಹಿಡಿಯುವುದು ಅವನ ಹುಚ್ಚಂತೆ. ಅಂಥದ್ದನ್ನು ಕಂಡುಹಿಡಿಯಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. "ಕೊಳಲು ತಗೊಂಡು ನಮ್ಮ ಮನೆಗೆ ಬನ್ನಿ" ಎಂದಳು. ನಮ್ಮಲ್ಲಿ ಹಾಗೆ ಅಂದವರು ಹೋದರೆ ಗಾಬರಿಯಾಗುತ್ತಾರೆ. ಅವಳು ಮಾತ್ರ ನಿಜವಾಗಿ ಕರೆದಿದ್ದಳು.

ವ್ಯಾಜ್ಯ ಅಂದಮೇಲೆ ಎರಡೂ ಕಡೆಯ ಸಾಕ್ಷಿ ಬೇಕು. ಹೊರಡುವ ಮುಂಚೆ ರಾಮನಗರಕ್ಕೆ ಹೋಗಿ, ಕಾಕಾನ ಮುಂದೆ ದನಿ ಹಿಡಿಯಲು ಮೊಬೈಲ್ ಇಟ್ಟು, ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತಲು ಹೇಳಿದೆ. ಅವನ ಮೀಸೆ ಪೂರಾ ಬೆಳ್ಳಗಾಗಿತ್ತು.

"ಇದನ್ನ ಅಲ್ಲಿ ಕೇಳಸಬ್ಯಾಡ ಮಗಳ. ಈ ಪೇಟಿ ಸರಿ ಇಲ್ಲ" ಎಂದ.

"ಸರಿ ಐತೋ ಇಲ್ಲೋ ಅವರು ಹೇಳ್ತಾರ. ನೀವು ಒತ್ರಿ ಕಾಕಾ."

ಅವನು ಹೆದರಿದ್ದಾನೆ ಅಂದುಕೊಂಡೆ. ಒಳಗೊಳಗೇ ಖುಷಿಯಾಯಿತು.

ವಿಮಾನ ನಿಲ್ದಾಣ

ತಪಾಸಣೆಯವನು ಕೌದಿ ಬಿಚ್ಚಿಸಿದ. ಇದೇನು ಎಂದ. ಕೊಳಲು ಎಂದೆ. ಊದಿ ತೋರಿಸಿ ಎಂದ. ನನಗೆ ಊದಲು ಬರುವುದಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಕೆನ್ನೆ ಉಬ್ಬಿಸಿ ಊದಿದರೆ ಬರೀ ಗಾಳಿ, ಒಲೆ ಊದಿದ ಹಾಗೆ. ಅವನು ಕೈಮುಗಿದು, "ಹೋಗಿಬನ್ನಿ ತಾಯಿ" ಎಂದ. ಅಪ್ಪನ ಕೊಳಲಿಗೆ ಈಗ ಮಗಳಿಂದಲೂ ಒಂದು ಅವಮಾನವಾಯಿತು.

ಗೆಂಟ್, ಮಂಜು

ಗೆಂಟ್ ಎಂಬ ಹಿಲ್ಡೆಯ ಊರನ್ನು ನಾನು ಮೊದಲ ದಿನಗಳಲ್ಲಿ ನೋಡಲೇ ಇಲ್ಲ, ಕೇಳಿದೆ. ಅಂಥ ಮಂಜು. ಕಾಲುವೆಯ ದಂಡೆಯಲ್ಲಿ ನಿಂತರೆ ನೀರು ಕಾಣುವುದಿಲ್ಲ, ಕಲ್ಲಿಗೆ ಬಡಿಯುವುದು ಕೇಳಿಸುತ್ತದೆ. ಸೈಕಲ್ಲಿನ ಗಂಟೆ ಬಂದ ಎಷ್ಟೋ ಹೊತ್ತಿಗೆ ಸೈಕಲ್ಲು ಬರುತ್ತದೆ, ಅದರ ಮೇಲೆ ಕೋಟು ತೊಟ್ಟ ಅಜ್ಜಿ, ಬುಟ್ಟಿಯಲ್ಲಿ ನಾಯಿ. ಎತ್ತರದಲ್ಲೆಲ್ಲೋ ಗೋಪುರದ ಗಂಟೆಗಳು ಒಂದು ಹಾಡನ್ನು ಶುರುಮಾಡಿ ಅರ್ಧಕ್ಕೆ ಬಿಡುತ್ತಿದ್ದವು. ಪ್ರಯಾಣದ ನಿದ್ದೆ ಇನ್ನೂ ಕಣ್ಣಲ್ಲಿತ್ತು. ಇದು ಕ್ಯಾಸಲ್‌ರಾಕ್‌ನ ಮಳೆಗಾಲದ ಮೋಡ, ಈಗ ಇದರೊಳಗಿಂದ ಗೂಡ್ಸ್ ಗಾಡಿ ಬರುತ್ತದೆ, ಅಪ್ಪ ಹಸಿರು ಬಾವುಟ ಹಿಡಿದು ನಿಂತಿರುತ್ತಾನೆ ಎಂದು ಎಷ್ಟೋ ಸಲ ಅನ್ನಿಸಿತು. ಗಾಡಿ ಬರಲಿಲ್ಲ. ಆದರೂ ನಾನು ದಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಿದ್ದೆ.

ಟ್ರಾಮಿನಲ್ಲಿ ಜನ ಮಾತಾಡುವುದಿಲ್ಲ. ನಮ್ಮ ಹಳಿಯಾಳದ ಬಸ್ಸಿನಲ್ಲಿ ಟಿಕೆಟ್ ತೆಗೆಯುವಷ್ಟರಲ್ಲಿ ಪಕ್ಕದವರ ಮನೆಯ ಅರ್ಧ ಸುದ್ದಿ ಗೊತ್ತಾಗಿರುತ್ತದೆ. ಇಲ್ಲಿ ನಾನು ಅಭ್ಯಾಸಬಲದಿಂದ ಪಕ್ಕದ ಮುದುಕನಿಗೆ ಯಾವ ಊರು ಎಂದು ಕೇಳಿದರೆ, ಅವನು ತನ್ನಿಂದ ಏನೋ ತಪ್ಪಾಯಿತೆಂಬಂತೆ ಕ್ಷಮೆ ಕೇಳಿ ಸೀಟು ಬಿಟ್ಟುಕೊಟ್ಟ.

ಮೊದಲ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಕಪ್ಪು ಕಾಳು ತುಂಬಿದ ಡಬ್ಬಿ ಇತ್ತು. ಗುರೆಳ್ಳು! ಪರದೇಶದಲ್ಲಿ ನಮ್ಮ ಚಟ್ನಿಪುಡಿಯ ಗುರೆಳ್ಳು! ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬ್ರೆಡ್ಡಿಗೆ ಧಾರಾಳವಾಗಿ ಸುರಿದುಕೊಂಡು, ಮೇಲೆ ಉಪ್ಪು ಉದುರಿಸಿ, ಬಾಯಿಗಿಟ್ಟರೆ ಚಾಕೊಲೇಟ್. ಅಲ್ಲಿ ಅದನ್ನು ದೊಡ್ಡವರೂ ಬೆಳಗಿನ ತಿಂಡಿಗೆ ಗಂಭೀರವಾಗಿ ತಿನ್ನುತ್ತಾರೆ. ಹಿಲ್ಡೆ ನನ್ನ ಉಪ್ಪನ್ನು ನೋಡಿ, ಇದು ಇಂಡಿಯಾದ ಪದ್ಧತಿ ಇರಬೇಕೆಂದು ತಾನೂ ಉಪ್ಪು ಹಾಕಿಕೊಂಡಳು. ಚೆನ್ನಾಗಿದೆ ಎಂದಳು. ನಾನೂ ಹೌದೆಂದೆ.

ಬಾರ್ಟ್‌ನ ಅಟ್ಟ

ಬಾರ್ಟ್ ಮರದ ಪುಡಿ ಮೆತ್ತಿದ ಹುಬ್ಬಿನ ಉದ್ದನೆಯ ಮನುಷ್ಯ. ಅವನ ಇಂಗ್ಲಿಷ್ ಅವನದು, ನನ್ನದು ನನ್ನದು, ಹೇಗೋ ನಡುವೆ ಕೂಡುತ್ತಿದ್ದವು. ಕೆಲಸದ ಕೋಣೆ ಮನೆಯ ಅಟ್ಟದಲ್ಲಿ. ಗೋಡೆಯ ತುಂಬ ಕೊಳಲುಗಳು, ಕಂದು, ಕಪ್ಪು, ಹಳದಿ. ಅವನು ನಮ್ಮ ಕೊಳಲನ್ನು ಊದಲಿಲ್ಲ. ಮೂಸಿ ನೋಡಿದ. ನಾನು ಹೊರಡುವ ಹಿಂದಿನ ದಿನ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ್ದೆ, ಊರಿಗೆ ಹೋಗುವ ಮಗುವಿಗೆ ಹಚ್ಚುವ ಹಾಗೆ. ಅವನ ಮುಖ ಸಣ್ಣಗಾಯಿತು. ಹಳೆಯ ಮರ ಎಣ್ಣೆ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಕೊಳವೆ ಒಂದು ಕೂದಲಷ್ಟು ಬದಲಾದರೂ ಸ್ವರ ಬದಲಾಗುತ್ತದೆ, ಅಂತ ವಿವರಿಸಿದ. ಕೊಳಲು ಕೆಲವು ದಿನ ಹದವಾದ ತೇವದ ಕಪಾಟಿನಲ್ಲಿ ಮಲಗಬೇಕು. ನಾನೂ ಮಲಗಿದೆ. ಆ ಊರಿನಲ್ಲಿ ಮಧ್ಯಾಹ್ನದ ನಿದ್ದೆಗೆ ಕೊನೆಯೇ ಇರಲಿಲ್ಲ.

"ಇದರ ಶ್ರುತಿ ಯಾವುದು ಅಂತ ನಿಮಗೇನಾದರೂ ಗೊತ್ತೇ?" ಎಂದು ಬಾರ್ಟ್ ಕೇಳಿದ್ದ.

"ನಮ್ಮಪ್ಪನದು" ಎಂದೆ.

ಅವನಿಗೆ ತಿಳಿಯಲಿಲ್ಲ. ನಮ್ಮಲ್ಲಿ ಹಾಡುವವರನ್ನು ನಿಮ್ಮ ಶ್ರುತಿ ಯಾವುದು ಎಂದು ಕೇಳುತ್ತೇವೆ, ನಿಮ್ಮ ಊರು ಯಾವುದು ಎಂದ ಹಾಗೆ. ಒಬ್ಬರದು ಪೇಟಿಯ ಕರಿ ಒಂದನೆಯ ಮನೆ, ಇನ್ನೊಬ್ಬರದು ಬಿಳಿ ನಾಲ್ಕನೆಯದು ಎಂದೆ. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಇಲ್ಲಿ ಶ್ರುತಿ ಮನುಷ್ಯನದಲ್ಲ, ಊರಿನದು. ಒಂದು ಕಾಲಕ್ಕೆ ಒಂದೊಂದು ಊರಿನ ಚರ್ಚಿನ ಆರ್ಗನ್ ಒಂದೊಂದು ಎತ್ತರದಲ್ಲಿ ಇರುತ್ತಿತ್ತು. ನದಿ ದಾಟಿದರೆ ಷಡ್ಜ ಇಳಿಯುತ್ತಿತ್ತು." ನನಗೆ ಇದು ತಕ್ಷಣ ಅರ್ಥವಾಯಿತು. ಹಳಿಯಾಳದ ಮಾತಿನ ಎಳೆತ ಮುಂಡಗೋಡದಲ್ಲಿಲ್ಲ. ಜೋಯಿಡಾ ಕಡೆ ಇಳಿದರೆ ಕೊಂಕಣಿಯೇ ಕೇಳುತ್ತದೆ.

"ಆ ಊರಿನ ಕೊಳಲನ್ನು ಈ ಊರಿಗೆ ತಂದರೆ?"

"ಕೂಡುವುದಿಲ್ಲ. ಆದರೆ ಕೊಳಲಿನ ತಪ್ಪಲ್ಲ. ಅದು ಬೇರೆ ಊರಿನದು, ಅಷ್ಟೇ."

ಇಂಗ್ಲಿಷರ ಬ್ಯಾಂಡುಗಳು ಹಿಂದೆ ಇವತ್ತಿನ ಶ್ರುತಿಗಿಂತ ಮೇಲೆ ನುಡಿಸುತ್ತಿದ್ದವಂತೆ, ಸುಮಾರು ಅರ್ಧ ಮನೆಯಷ್ಟು ಮೇಲೆ. ಅಂದರೆ ಕರಿ ಮನೆಗೂ ಬಿಳಿ ಮನೆಗೂ ನಡುವಿನ ಸಂದಿಯಲ್ಲಿ. ನನಗೆ ಇನ್ನೇನು ಬೇಕಿತ್ತು? ಅಲ್ಲಿಯೇ ಗೆದ್ದೆ ಅಂದುಕೊಂಡೆ. ಆ ಸಂಜೆ ಕಾಲುವೆಯ ದಂಡೆಯಲ್ಲಿ ಅಪ್ಪನ ಭಜನೆಯೊಂದನ್ನು ಗುನುಗುತ್ತ ನಡೆದೆ. ಯಾರದೋ ನಾಯಿ ಮಂಜಿನಿಂದ ಹೊರಬಂದು ಸ್ವಲ್ಪ ದೂರ ಜೊತೆಗೆ ಬಂತು.

ಕಪಾಟು ತೆರೆದ ದಿನ

ಬಾರ್ಟ್ ಕೊನೆಗೂ ಕೊಳಲನ್ನು ತುಟಿಗಿಟ್ಟ. ಅಪ್ಪ ಬಿಟ್ಟ ಮೇಲೆ ಅದು ಮೊದಲ ಸಲ ನುಡಿಯಿತು. ದಪ್ಪ, ಸ್ವಲ್ಪ ಕೆಮ್ಮಿದಂಥ ದನಿ. ನಾನು ಗೊತ್ತಿಲ್ಲದೆ ಎದ್ದು ನಿಂತೆ. ಬಾರ್ಟ್ ಮಾತ್ರ ಹುಬ್ಬು ಗಂಟಿಕ್ಕಿದ. ಮತ್ತೆ ಊದಿದ, ಶ್ರುತಿ ಅಳೆಯುವ ಯಂತ್ರದಲ್ಲಿ ನೋಡಿದ.

"ಇದು ಮೇಲಿಲ್ಲ. ಇವತ್ತಿನ ಶ್ರುತಿಗೇ ಇದೆ. ರೇಡಿಯೋ, ಪಿಯಾನೋ, ಎಲ್ಲಕ್ಕೂ ಕೂಡುತ್ತದೆ" ಎಂದ.

ನಾನು ಕೂತುಬಿಟ್ಟೆ. ಕೊಳಲು ಸರಿಯಿದ್ದರೆ, ಪೇಟಿಯೂ ರೇಡಿಯೋಕ್ಕೆ ಕೂಡುತ್ತಿದ್ದರೆ, ಇನ್ನು ತಪ್ಪು ಊದಿದವನದೇ. ಇಷ್ಟು ದೂರ ಬಂದು, ಸಮುದ್ರ ದಾಟಿ, ಅಪ್ಪನ ಹೆಸರಿಗೆ ನಾನೇ ಮುದ್ರೆ ಒತ್ತಿಸಿದಂತಾಯಿತು. ಬಹಳ ದುಃಖವಾಯಿತು. ಹಿಲ್ಡೆ ಚಹಾ ತಂದು ಪಕ್ಕದಲ್ಲಿಟ್ಟಳು, ಏನೂ ಕೇಳಲಿಲ್ಲ. ಆ ಜನರ ಮೌನ ಆಗ ಹಿತವಾಗಿತ್ತು.

ಹಳೆಯ ಚರ್ಚು

ಮನಸ್ಸು ತಿಳಿಯಾಗಲೆಂದು ಹಿಲ್ಡೆ ನನ್ನನ್ನು ಆರ್ಗನ್ ಕೇಳಿಸಲು ಕರೆದೊಯ್ದಳು. ಚಳಿಗೆ ಕಲ್ಲು ಬೆವರುತ್ತಿತ್ತು. ಯಾರೋ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಸ್ವರಗಳು ನೆಲದಿಂದ ಎದ್ದು ಪಾದದ ಮೂಲಕ ಒಳಗೆ ಬರುತ್ತಿದ್ದವು. ನಾನು ಕಣ್ಣು ಮುಚ್ಚಿದೆ. ಆ ಕತ್ತಲೆಯಲ್ಲಿ ಏಕಾದಶಿಯ ದಿನದ ಕ್ವಾರ್ಟರ್ಸಿನ ಸಾಲು ಕಂಡಿತು, ಕೊಡೆಗಳು, ಜಮಖಾನೆ, ಅವ್ವ ಹೊತ್ತಿಸಿದ ಕಂದೀಲು. ಅಪ್ಪ ಕೊಳಲನ್ನು ತುಟಿಗಿಡುವ ಮೊದಲು ಕಾಕಾನ ಕಡೆ ನೋಡಿದ್ದ. ಆ ನೋಟ ನನಗೆ ಮರೆತೇ ಹೋಗಿತ್ತು. ಜಗಳಕ್ಕೆ ಹೊರಟವನ ನೋಟವಲ್ಲ ಅದು, ಕೈಯಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಕೊಡಲು ಬಂದವನದು.

ಮೇಣ

ಮರುದಿನ ಬಾರ್ಟ್ ಅಟ್ಟದಿಂದ ನನ್ನನ್ನು ಕೂಗಿದ. ಕೊಳಲಿನೊಳಗೆ ಸಣ್ಣ ದೀಪ ಇಳಿಬಿಟ್ಟಿದ್ದ. "ರಂಧ್ರಗಳ ಒಳಗೋಡೆ ನೋಡಿ" ಎಂದ. ಮರದ ಬಣ್ಣದ್ದೇ ಏನೋ ತೆಳ್ಳಗೆ ಮೆತ್ತಿತ್ತು. ಕೊಳಲಿನ ತುಂಡುಗಳು ಕೂಡುವ ಕೀಲನ್ನೂ ಯಾರೋ ಹೊರಕ್ಕೆ ಎಳೆದು, ಚೀಲ ಹೊಲಿಯುವ ದಾರವನ್ನು ದಪ್ಪಗೆ ಸುತ್ತಿ, ಕೊಳಲನ್ನು ಉದ್ದ ಮಾಡಿದ್ದರು. ಅವನು ಮೆತ್ತಿದ್ದರಲ್ಲಿ ಒಂದು ಚೂರು ತೆಗೆದು ಬೆರಳಲ್ಲಿ ಬಿಸಿಮಾಡಿ ಮೂಸಿದ. "ಮೇಣ. ಆದರೆ ಇಲ್ಲಿನ ಜೇನಿನದಲ್ಲ."

ನಾನು ಮೂಸಿದೆ. ಜೋಯಿಡಾ ಕಾಡಿನ ಹೆಜ್ಜೇನಿನ ಮೇಣ. ಅವ್ವ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದದ್ದು ಇದೇ.

ಕೊಳಲು ಉದ್ದವಾದರೆ, ರಂಧ್ರ ಕಿರಿದಾದರೆ, ಸ್ವರ ಇಳಿಯುತ್ತದಂತೆ. ಬಾರ್ಟ್ ಅಳತೆ ಹಾಕಿ ಹೇಳಿದ: ಮೇಣವಿಲ್ಲದೆ, ಕೀಲು ಒಳಗಿದ್ದರೆ, ಈ ಕೊಳಲು ಹುಟ್ಟಿದ್ದು ಅರ್ಧ ಮನೆ ಮೇಲೆಯೇ, ಬ್ಯಾಂಡಿನ ಹಳೆಯ ಶ್ರುತಿಯಲ್ಲೇ. ಯಾರೋ ಬಹಳ ತಾಳ್ಮೆಯಿಂದ ಇದನ್ನು ಕೆಳಗಿಳಿಸಿದ್ದಾರೆ. ಮೆತ್ತಿ, ಊದಿ, ಕೆರೆದು, ಮತ್ತೆ ಮೆತ್ತಿ.

ಯಾರೋ ಏನು ಬಂತು, ಅಪ್ಪನೇ. ಮಾತು ಬಿಟ್ಟ ಆ ತಿಂಗಳುಗಳಲ್ಲಿ ಅಪ್ಪ ಡ್ಯೂಟಿ ಮುಗಿಸಿ ಸ್ಟೇಷನ್ ಆಚೆಯ ಚಹಾ ಅಂಗಡಿಯ ರೇಡಿಯೋದ ಹತ್ತಿರ ಗಂಟೆಗಟ್ಟಲೆ ಕೂರುತ್ತಿದ್ದ, ಟವೆಲಿನಲ್ಲಿ ಕೊಳಲು ಸುತ್ತಿಕೊಂಡು. ಮನೆಗೆ ಬಾರದ ಗಂಡನನ್ನು ಅವ್ವ ಬೈಯುತ್ತಿದ್ದಳು. ಪೇಟಿ ಕೂಡುತ್ತಿದ್ದದ್ದು ರೇಡಿಯೋಕ್ಕೆ. ಅವನು ರೇಡಿಯೋಕ್ಕೆ ಕೂಡಿಸಿಕೊಂಡ. ಅಪ್ಪ ಯಾರಿಗೂ ಬಾಗದವನು ಎಂದು ನಾನು ಜಂಬಪಡುತ್ತಿದ್ದೆ. ಅವನು ಬಾಗಿದ್ದ, ಯಾರಿಗೂ ಹೇಳದೆ.

ಹಾಗಾದರೆ ಏಕಾದಶಿಯ ದಿನ ಏಕೆ ಕೂಡಲಿಲ್ಲ?

ಬಾರ್ಟ್ ಕೈಚಾಚಿದ. "ನಿಮ್ಮ ಎದುರಾಳಿಯ ಧ್ವನಿಮುದ್ರಣ ಕೊಡಿ."

ಕಾಕಾನ ಪೇಟಿ ಆ ಅಟ್ಟದಲ್ಲಿ ನುಡಿಯಿತು, ಒಂದೊಂದೇ ಮನೆ. ಬಾರ್ಟ್ ಯಂತ್ರ ನೋಡಿದ, ಮೊದಲಿನಿಂದ ಮತ್ತೆ ಕೇಳಿದ. "ಈ ಪೇಟಿ ಮೇಲಿದೆ. ಪ್ರತಿ ಸ್ವರವೂ ಅರ್ಧ ಮನೆ ಮೇಲೆ. ಹಳೆಯ ಪೇಟಿಯೊಳಗೆ ನುಡಿಯುವ ಹಿತ್ತಾಳೆ ಪಟ್ಟಿಗಳು ಅಲ್ಲೊಂದು ಇಲ್ಲೊಂದು ಕೆಡುತ್ತವೆ, ಎಲ್ಲವೂ ಕೂಡಿ ಮೆಟ್ಟಿಲು ಹತ್ತುವುದಿಲ್ಲ. ಯಾರೋ ಪಟ್ಟಿಗಳನ್ನು ಕೆರೆದು ಕೈಯಿಂದ ಏರಿಸಿದ್ದಾರೆ." ಆಮೇಲೆ ಮೆಲ್ಲಗೆ, "ನಿಮ್ಮ ಕೊಳಲಿನ ಮೂಲ ಶ್ರುತಿ ಇದೇ. ಅದು ಈಗ ಕೊಳಲಿನಲ್ಲಿಲ್ಲ, ಆ ಪೇಟಿಯಲ್ಲಿದೆ" ಎಂದ.

ಫೋನು

ಊರಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಕಾಕಾನ ಮಗಳು ಫೋನನ್ನು ಅವನ ಕೈಗೆ ಕೊಟ್ಟಳು.

"ಕಾಕಾ, ಪೇಟಿ ಪಟ್ಟಿ ಕೆರದೀರೇನು?"

"ಗೊತ್ತಾತಲ್ಲಾ. ನಾ ಹೇಳಿದ್ದೆ, ಕೇಳಸಬ್ಯಾಡ ಅಂತ. ಹೌದು, ಕೆರದೆ. ಕ್ಯಾಬಿನ್‌ನಾಗ ಕುಂತು, ಅರ ತಗೊಂಡು, ಒಂದೊಂದರ ತುದಿ ಕೆರದು ಮ್ಯಾಲ ಏರಿಸ್ದೆ. ಅವನ ಸೂರ ನನ್ನ ಕಿವ್ಯಾಗ ಇತ್ತು, ಮರೀಲಿಕ್ಕೆ ಆಗ್ತೈತೇನ?"

"ಯಾಕ ಕಾಕಾ?"

"ನಿಮ್ಮಪ್ಪನ ಕೊಳಲು ಮರ. ಅದೆಂಗ ಇಳೀತೈತಿ? ಪೇಟಿ ಆದ್ರ ಏರತೈತಿ. ನಾನ ಹೋಗೂಣು ಅವನ ಕಡೆ ಅಂದ್ಕೊಂಡೆ. ಏಕಾದಶಿ ದಿವಸ ತಾನ ತಿಳೀತೈತಿ, ಖುಷಿ ಆಗ್ತಾನ ಅಂದ್ಕೊಂಡೆ. ಅಂವ ನೋಡಿದ್ರ ಕೆಳಗ ಊದಿದ. ನನ್ನ ಮಾನ ಕಳೀಲಿಕ್ಕೆ ಬೇಕಂತ ಊದಿದ ಅಂತ ತಿಳದೆ."

ನಾನು ಮೇಣದ ಸುದ್ದಿ ಹೇಳಿದೆ. ದಾರ, ರಂಧ್ರಗಳು, ಚಹಾ ಅಂಗಡಿಯ ರೇಡಿಯೋ. ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಗೊತ್ತು, ಲೈನ್ ಕಟ್ಟಾದ ಮೌನವೇ ಬೇರೆ, ಆ ಕಡೆ ಮನುಷ್ಯ ಇರುವ ಮೌನವೇ ಬೇರೆ. ಇದು ಎರಡನೆಯದು.

"ಅಂವ ಇಳದಿದ್ನಾ?" ಎಂದ ಕಾಕಾ ಕೊನೆಗೆ. "ನಾ ಅಲ್ಲಿಗೆ ಏರೂದರಾಗ ಅಂವ ಇಲ್ಲಿಗೆ ಇಳದಿದ್ನಾ?"

"ಆಮ್ಯಾಲರ ಪೇಟಿ ಯಾಕ ಸರಿ ಮಾಡಸಲಿಲ್ಲ ಕಾಕಾ?"

"ಸಿಟ್ಟು ಇಳದ್ರ ಮತ್ತ ಬರ್ತಾನ ಅಂತ. ಬಂದ್ರ ಕೂಡಬೇಕಲ್ಲ?"

ಬಾರ್ಟ್‌ಗೆ ನಾನು ಎಲ್ಲವನ್ನೂ ತಿಳಿಸಿದೆ. ಅವನು ಕೊಳಲನ್ನು ಮತ್ತೆ ಕೈಗೆತ್ತಿಕೊಂಡ. ಮೇಣ ತೆಗೆಯಬಹುದು, ಆದರೆ ತೆಗೆದರೆ ಅಪ್ಪನ ಕೈಕೆಲಸ ಹೋಗುತ್ತದೆ, ಮತ್ತೆ ಅದೇ ಥರ ಕೂರಿಸಲು ಯಾರಿಗೂ ಬರುವುದಿಲ್ಲ, ನೀವೇ ಹೇಳಬೇಕು ಎಂದ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಮಂಜು ಕರಗಿತ್ತು. ಊರು ಮೊದಲ ಸಲ ಪೂರ್ತಿ ಕಾಣುತ್ತಿತ್ತು, ಕೆಂಪು ಹೆಂಚು, ಸ್ವಚ್ಛ ನೀರು. ಆ ಮೇಣದಲ್ಲಿ ಅಪ್ಪನ ಬೆರಳಿನ ಒತ್ತು ಇತ್ತು, ಅದನ್ನು ಕಳೆದುಕೊಳ್ಳಲು ಸಂಕಟವಾಯಿತು. ಆದರೆ ಅವನಿಗೆ ಮೇಣ ಬೇಕಿರಲಿಲ್ಲ, ಗೆಳೆಯ ಬೇಕಿತ್ತು. ತೆಗೆಯಿರಿ ಎಂದೆ.

ಬಾರ್ಟ್ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಮರದ ಕಡ್ಡಿಯಿಂದ ಮೇಣವನ್ನು ಬಿಡಿಸಿದ, ದಾರ ಬಿಚ್ಚಿ ಕೀಲನ್ನು ಒಳಗೆ ಕೂರಿಸಿದ. ಅಟ್ಟದ ತುಂಬ ಕಾಡಿನ ವಾಸನೆ ಹಬ್ಬಿತು. ನಾನು ಮತ್ತೆ ಫೋನ್ ಮಾಡಿದೆ. ಕಾಕಾ ಅಷ್ಟರಲ್ಲಿ ಪೇಟಿಯನ್ನು ಮುಂದಿಟ್ಟುಕೊಂಡು ಕೂತಿದ್ದ.

ಬಾರ್ಟ್ ಷಡ್ಜ ಊದಿದ. ರಾಮನಗರದಿಂದ ಪೇಟಿ ಎದ್ದಿತು. ಎರಡು ಸ್ವರ ತುಸು ಬೇರೆಯಿದ್ದರೂ ನಡುವೆ ಒಂದು ನಡುಕ ಕೇಳುತ್ತದೆ. ಇಲ್ಲಿ ಅದಿರಲಿಲ್ಲ. ಜೀವಮಾನವಿಡೀ ತಂತಿಯ ಮೇಲೆ ದನಿಗಳನ್ನು ಬೇರೆಬೇರೆ ಗುರುತಿಸಿದ ನನಗೆ ಆವತ್ತು ಯಾವುದು ಕೊಳಲು, ಯಾವುದು ಪೇಟಿ ಎಂದು ತಿಳಿಯಲಿಲ್ಲ. ಬಾರ್ಟ್‌ನ ಉಸಿರು ಮುಗಿಯಿತು. ಪೇಟಿ ನಿಲ್ಲಲಿಲ್ಲ. ಅವನು ಉಸಿರೆಳೆದುಕೊಂಡು ಮತ್ತೆ ಊದಿದ.

"ಸೂರ ಐತಿ ತುಕ್ಯಾ" ಎಂದ ಕಾಕಾ. ನನಗಲ್ಲ. "ಸೂರ ಐತಲೇ."